ಹಾಡು ಯಾರದು? ದುಡ್ಡು ಯಾರಿಗೆ?

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಸದಾಗಿ ಓದು ಕಲಿತ ಮಹಿಳೆಯರ ಮುಂದೆ ಮಾಡಿದ ಭಾಷಣ)



ನಿಮ್ಮಲ್ಲಿ ಹಾಡೇ ಬರದವರು ಯಾರಿದ್ದೀರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ! ಮದುವೆಗೆ ಸೋಬಾನೆ ಪದ. ಮಗುವಿಗೆ ಜೋಗುಳ. ರಾಗಿ ಬೀಸುವಾಗ ಬೀಸೋ ಪದ. ಈಗ ಬೀಸೋ ಕಲ್ಲು ಮೂಲೆ ಸೇರಿದೆ. ಪದ ಮಾತ್ರ ಬಾಯಲ್ಲಿ ಉಳಿದಿದೆ. ಹಾಡಿದವರಿಗೆ ಏನು ಕೊಡ್ತಿದ್ರು? ಎಲೆ ಅಡಿಕೆ, ಒಂದು ರವಿಕೆ ಕಣ. ಅಷ್ಟೇ.

ಈಗ ಹಾಡು ಫೋನಿನಲ್ಲಿ ಬರುತ್ತೆ. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಅಂತ ಹೆಸರು. ನಿಮ್ಮ ಮಕ್ಕಳು ದಿನವೂ ಕೇಳ್ತಾರೆ. ಕೆಲವರು ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ ಕೇಳ್ತಾರೆ. ದುಡ್ಡು ಕಟ್ಟದವರಿಗೆ ನಡುನಡುವೆ ಸೋಪು, ಪೇಸ್ಟಿನ ಜಾಹೀರಾತು ಬರುತ್ತೆ. ಜಾಹೀರಾತು ಕೊಟ್ಟವರು ಕಂಪನಿಗೆ ದುಡ್ಡು ಕೊಡ್ತಾರೆ. ಹಾಗಾದರೆ ಹಾಡಿದವರಿಗೆ ಎಷ್ಟು ಸಿಗುತ್ತೆ?

ನೀವು ಡೈರಿಗೆ ಹಾಲು ಹಾಕ್ತೀರಿ. ಲೀಟರಿಗೆ ಇಷ್ಟು ಅಂತ ದರ ಇದೆ. ಹಾಡಿಗೆ ಅಂಥ ದರ ಇಲ್ಲ. ಸ್ಪಾಟಿಫೈ ಲೆಕ್ಕ ನೋಡಿ. ತಿಂಗಳಲ್ಲಿ ಬಂದ ದುಡ್ಡನ್ನೆಲ್ಲ ರಾಶಿ ಹಾಕ್ತಾರೆ. ಕಂಪನಿ ತನ್ನ ಪಾಲು ತೆಗೆದುಕೊಳ್ಳುತ್ತೆ. ಉಳಿದದ್ದನ್ನು ಎಲ್ಲ ಹಾಡುಗಳಿಗೆ ಹಂಚುತ್ತೆ. ಹೆಚ್ಚು ಸಲ ಕೇಳಿದ ಹಾಡಿಗೆ ಹೆಚ್ಚು ಪಾಲು. 30 ಸೆಕೆಂಡಾದರೂ ಕೇಳಿದರೆ ಒಂದು ಸಲ ಅಂತ ಲೆಕ್ಕ.

ಒಂದು ಲೆಕ್ಕ ಮಾಡೋಣ. ಹಂಚುವ ರಾಶಿ 1 ಲಕ್ಷ ರೂಪಾಯಿ ಅನ್ನಿ. ಎಲ್ಲ ಹಾಡುಗಳನ್ನೂ ಸೇರಿಸಿ 10 ಲಕ್ಷ ಸಲ ಕೇಳಿದ್ದಾರೆ. ಆಗ ಒಂದು ಸಲಕ್ಕೆ 10 ಪೈಸೆ. ನಿಮ್ಮ ಹಾಡನ್ನು 500 ಸಲ ಕೇಳಿದರೆ 50 ರೂಪಾಯಿ ಆಗಬೇಕು. ಆದರೆ 2024ರಿಂದ ಸ್ಪಾಟಿಫೈ ಒಂದು ನಿಯಮ ಮಾಡಿದೆ. ಒಂದು ಹಾಡನ್ನು 12 ತಿಂಗಳಲ್ಲಿ 1,000 ಸಲವಾದರೂ ಕೇಳಬೇಕು. ಇಲ್ಲದಿದ್ದರೆ ಆ ಹಾಡಿಗೆ ಬಿಡಿಗಾಸೂ ಇಲ್ಲ. ಅಂದರೆ ಆ 50 ರೂಪಾಯಿಯೂ ಇಲ್ಲ! ಚಿಕ್ಕವರ ಪಾಲು ರಾಶಿಗೇ ಹೋಯಿತು. ಇದು ನ್ಯಾಯವೇ? ನನಗೇನೋ ಹಾಗೆ ಕಾಣೋದಿಲ್ಲ.

ಬಂದ ದುಡ್ಡೂ ನೇರವಾಗಿ ಹಾಡಿದವರ ಕೈಗೆ ಬರೋದಿಲ್ಲ. ಒಂದು ಹಾಡಿಗೆ ಹಲವರು ಹಕ್ಕುದಾರರು ಇರ್ತಾರೆ. ಸಿ. ಅಶ್ವತ್ಥ್ ಅವರ ಹೆಸರು ಕೇಳಿದ್ದೀರಿ. ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ದೊಡ್ಡ ಹಾಡುಗಾರರು. ಆದರೂ ಬಹಳ ವರ್ಷ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿದರು. ಶಿಶುನಾಳ ಷರೀಫರ ಪದಗಳಿಗೆ ರಾಗ ಹಾಕಿ ಹಾಡಿದರು. ಕ್ಯಾಸೆಟ್ಟಿನ ಕಾಲದಲ್ಲಿ ಅವು ಊರೂರಿಗೂ ಹೋದವು. ಇಂದು ಫೋನಿನಲ್ಲೂ ಬರ್ತವೆ.

ಆ ಹಾಡಿನಲ್ಲಿ ಮಾತು ಷರೀಫರದು. ಅವರು 1889ರಲ್ಲಿ ತೀರಿಕೊಂಡರು. ಬರೆದವರು ಸತ್ತು 60 ವರ್ಷ ಕಳೆದರೆ ಮಾತು ಊರವರೆಲ್ಲರದು. ಆ ಮಾತಿಗೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ರಾಗ ಹಾಕಿದವರ ಹಕ್ಕು ಬೇರೆ. ಅದೂ ಸತ್ತ ಮೇಲೆ 60 ವರ್ಷ ಇರುತ್ತೆ. ಅಶ್ವತ್ಥ್ 2009ರಲ್ಲಿ ತೀರಿಕೊಂಡರು. ಅಂದರೆ ಅವರು ಹಾಕಿದ ರಾಗದ ಹಕ್ಕು 2069ರ ಕೊನೆಯವರೆಗೆ. ಇನ್ನು ರೆಕಾರ್ಡು. ಅದು ಸಾಮಾನ್ಯವಾಗಿ ಕಂಪನಿಯದು. ಫೋನಿನ ದುಡ್ಡಿನಲ್ಲಿ ದೊಡ್ಡ ಪಾಲು ರೆಕಾರ್ಡಿನ ಒಡೆಯರಿಗೇ ಹೋಗುತ್ತೆ.

ಹಿಂದೆ ಕಂಪನಿಯವರು ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುತ್ತಿದ್ದರು. ಹಾಡು ಎಷ್ಟು ಗೆದ್ದರೂ ಬರೆದವರಿಗೆ ಮತ್ತೆ ಏನೂ ಇಲ್ಲ. 2012ರಲ್ಲಿ ಕಾನೂನು ತಿದ್ದಿದರು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಈಗ ಕಂಪನಿಗೆ ಬರೆದುಕೊಡೋ ಹಾಗಿಲ್ಲ. ಆ ಹಣ ವಸೂಲಿ ಮಾಡಿ ಹಂಚಲು ಮುಂಬೈಯಲ್ಲಿ ಐ.ಪಿ.ಆರ್.ಎಸ್. ಎಂಬ ಸಂಘ ಇದೆ. 1969ರಲ್ಲಿ ಶುರುವಾದದ್ದು. ಅದರ ಸದಸ್ಯರಾದರೆ ಅದರಿಂದ ಪಾಲು ಬರುತ್ತೆ.

ಹಾಡಿದವರಿಗೂ ಹಕ್ಕಿದೆ. 1994ರ ತಿದ್ದುಪಡಿ ಅದನ್ನು ಕೊಟ್ಟಿತು. ಹಾಡುಗಾರರು, ಕುಣಿಯುವವರು, ದೊಂಬರು, ಹಾವಾಡಿಗರು ಎಲ್ಲರೂ ಆ ಕಾನೂನಿನಲ್ಲಿ ಕಲಾವಿದರೇ. ನಗಬೇಡಿ, ಹಾವಾಡಿಗರ ಹೆಸರೂ ಅಲ್ಲಿದೆ! ಹಾಗಾದರೆ ಸೋಬಾನೆ ಹಾಡುವ ನೀವೂ ಕಲಾವಿದರೇ ತಾನೆ? ನಿಮ್ಮ ಪದ ಯಾರು ಕಟ್ಟಿದ್ದೋ ಗೊತ್ತಿಲ್ಲ. ಪದ ಎಲ್ಲರದು. ದನಿ ಮಾತ್ರ ನಿಮ್ಮದು. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ರೆಕಾರ್ಡ್ ಮಾಡಿ ಮಾರೋ ಹಾಗಿಲ್ಲ.

ಯಾರಾದರೂ ಮೈಕು ಹಿಡಿದು ಬಂದು "ಅಜ್ಜಿ, ಒಂದು ಪದ ಹೇಳಿ" ಅಂದರೆ ಹಾಡಿ, ಬೇಡ ಅನ್ನೋದಿಲ್ಲ. ಆದರೆ ಎಲ್ಲಿ ಹಾಕ್ತೀರಿ ಅಂತ ಕೇಳಿ. ದುಡ್ಡು ಬಂದರೆ ನನಗೆಷ್ಟು ಅಂತ ಕೇಳಿ. ಕಾಗದ ಕೊಟ್ಟರೆ ತಕ್ಷಣ ಹೆಬ್ಬೆಟ್ಟು ಒತ್ತಬೇಡಿ. ಈಗ ನಿಮಗೆ ಓದು ಬರುತ್ತೆ. ಅಕ್ಷರ ಅಕ್ಷರ ಕೂಡಿಸಿ ಓದಿ. "ಎಲ್ಲ ಹಕ್ಕುಗಳು", "ಶಾಶ್ವತವಾಗಿ" ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆದುಕೊಡಿ ಅನ್ನಿ. ಒಂದು ಪ್ರತಿ ಇಸ್ಕೊಂಡು ಪೆಟ್ಟಿಗೆಯಲ್ಲಿಡಿ.

"ನಾವೇ ಯೂಟ್ಯೂಬಿಗೆ ಹಾಕಬಹುದಾ?" ಅಂತ ಕೇಳ್ತೀರೇನೋ. ಹಾಕಬಹುದು. ಹಾಕೋಕೆ ದುಡ್ಡು ಬೇಕಿಲ್ಲ. ಆದರೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಜನ ಚಂದಾದಾರರಾಗಬೇಕು. 12 ತಿಂಗಳಲ್ಲಿ ನಿಮ್ಮ ಹಾಡುಗಳನ್ನು 4,000 ಗಂಟೆ ನೋಡಿರಬೇಕು. ನಾಲ್ಕು ಊರಿನ ಹಾಡುಗಾರ್ತಿಯರು ಸೇರಿದರೆ ಆದೀತು, ಒಬ್ಬರಿಗೆ ಕಷ್ಟ. ಮಗನೋ ಮೊಮ್ಮಗನೋ ಫೋನಿನಲ್ಲಿ ಹಾಕಿಕೊಡಲಿ. ಬ್ಯಾಂಕಿನ ಖಾತೆ ಮಾತ್ರ ನಿಮ್ಮ ಹೆಸರಲ್ಲಿರಲಿ.