ಏಣುತಗಡಿನ ಬಂಡಿ

ಯಂತ್ರಗಳ ಅಂದವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ನುಣುಪಾದ ಮೈಯನ್ನೂ ಹೊಳೆಯುವ ಬಣ್ಣವನ್ನೂ ಮನಸ್ಸಿಗೆ ತಂದುಕೊಳ್ಳುವೆವು. ಇವೆರಡೂ ಇಲ್ಲದ ಬಂಡಿಯೊಂದು ಮೂವತ್ತು ವರ್ಷಗಳಿಗೂ ಮೀರಿ ಜನಗಳ ಪ್ರೀತಿಗೆ ಪಾತ್ರವಾಯಿತು. ಅದು ಫ್ರಾನ್ಸ್ ದೇಶದ ಸಿತ್ರೊಯೆನ್ ಕಾರ್ಖಾನೆಯವರ ‘ಎಚ್’ ಎಂಬ ವ್ಯಾನು. ಅದರ ಮೈಕಟ್ಟನ್ನು ಈ ದಿನ ವಿಚಾರಮಾಡೋಣ.

ಈ ಬಂಡಿಯು ಮೊದಲು ಜನರ ಮುಂದೆ ಬಂದುದು 1947ರ ಪ್ಯಾರಿಸ್ ಪ್ರದರ್ಶನದಲ್ಲಿ. ಮಹಾಯುದ್ಧವು ಮುಗಿದು ಎರಡೇ ವರ್ಷಗಳಾಗಿದ್ದುವು. ಉಕ್ಕೂ ದುರ್ಲಭ, ಹಣವೂ ದುರ್ಲಭ. ಆದರೂ ರೊಟ್ಟಿಯವನೂ ತರಕಾರಿಯವನೂ ಮತ್ತೆ ವ್ಯಾಪಾರಕ್ಕೆ ಹೊರಡಲೇಬೇಕಾಗಿತ್ತು. ಆಗ ಆ ಕಾರ್ಖಾನೆಯ ಮುಖ್ಯಸ್ಥರಾಗಿದ್ದವರ ಹೆಸರು ಬೂಲಾಂಜೆ. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ರೊಟ್ಟಿ ಸುಡುವವನೆಂದೇ ಅರ್ಥ!

ಸ್ವಲ್ಪ ಲೋಹದಿಂದ ಗಟ್ಟಿಮೈಯನ್ನು ಕಟ್ಟುವುದು ಹೇಗೆ? ಕಾಗದದ ಹಾಳೆಯೊಂದನ್ನು ತುದಿಯಲ್ಲಿ ಹಿಡಿದೆತ್ತಿದರೆ ಅದು ಜೋತುಬೀಳುವುದು. ಅದನ್ನೇ ಬೀಸಣಿಗೆಯಂತೆ ಮಡಿಸಿದರೆ ನೆಟ್ಟಗೆ ನಿಲ್ಲುವುದು. ಕಾಗದವು ಹೆಚ್ಚಲಿಲ್ಲ, ಬಲವು ಹೆಚ್ಚಿತು. ಜರ್ಮನಿಯ ಯುಂಕರ್ಸ್ ವಿಮಾನಗಳ ಲೋಹದ ಹೊದಿಕೆಯಲ್ಲಿ ಈ ಉಪಾಯವೇ ಇದ್ದಿತು. ಸಿತ್ರೊಯೆನ್ ಶಿಲ್ಪಿಗಳು ಅದನ್ನು ನೆಲದ ಮೇಲಿನ ಬಂಡಿಗೆ ಅಳವಡಿಸಿದರು. ಕಣ್ಣಿಗೆ ಒರಟಾಗಿ ತೋರುವ ಆ ಏಣುಗಳೇ ತೆಳುತಗಡಿನ ಬೆನ್ನೆಲುಬು.

ಜಾಣತನವು ಇಲ್ಲಿಗೇ ಮುಗಿಯಲಿಲ್ಲ. ಎಂಜಿನು ಮುಂದಿದ್ದು ಮುಂದಿನ ಗಾಲಿಗಳನ್ನೇ ತಿರುಗಿಸುವುದರಿಂದ, ಹಿಂದಿನ ಗಾಲಿಗಳಿಗೆ ಶಕ್ತಿಯನ್ನೊಯ್ಯುವ ದಂಡವು ನೆಲಹಾಸಿನ ಕೆಳಗೆ ಬೇಕಾಗಲಿಲ್ಲ. ಆದುದರಿಂದ ನೆಲವು ರಸ್ತೆಗೆ ಬಹು ಸಮೀಪವಾಯಿತು. ಒಳಗೆ ಮನುಷ್ಯನು ತಲೆಯೆತ್ತಿ ನಿಲ್ಲಬಹುದಾಯಿತು. ಪಕ್ಕದ ಬಾಗಿಲು ಹಿಂದಕ್ಕೆ ಸರಿಯುವುದರಿಂದ ಇಕ್ಕಟ್ಟಾದ ಬೀದಿಯಲ್ಲಿಯೂ ತೊಡಕಿಲ್ಲ. ಹಿಂಬದಿಯಲ್ಲಿ ಮೇಲಕ್ಕೇಳುವ ಹಲಗೆಯೊಂದು, ಕೆಳಗೆ ಪಕ್ಕಕ್ಕೆ ತೆರೆಯುವ ಬಾಗಿಲುಗಳೆರಡು. ದಿನಕ್ಕೆ ನೂರು ಸಲ ಮೂಟೆಯನ್ನು ಹತ್ತಿಸಿ ಇಳಿಸುವವನ ಬೆನ್ನಿಗೆ ಇದಕ್ಕಿಂತ ದೊಡ್ಡ ಉಪಕಾರವುಂಟೆ?

ಮೂಲವು ಒಂದಾದರೂ ರೂಪಗಳು ಹಲವು. ಹೊರೆಯ ಪ್ರಮಾಣಕ್ಕೆ ತಕ್ಕಂತೆ ‘ಎಚ್‌ವೈ’, ‘ಎಚ್‌ಝಡ್’ ಮೊದಲಾದ ಹೆಸರುಗಳು ಬಂದುವು. ಒಡಲನ್ನು ಬೇಕಾದಂತೆ ಮಾರ್ಪಡಿಸುವ ಕುಶಲಿಗಳ ಕೈಯಲ್ಲಿ ಅದೇ ಬಂಡಿಯು ರೋಗಿಗಳ ವಾಹನವಾಯಿತು, ಬೆಂಕಿಯಾರಿಸುವವರ ರಥವಾಯಿತು, ದನಕರುಗಳ ಗಾಡಿಯಾಯಿತು. ಪಕ್ಕದ ಗೋಡೆಯನ್ನು ಮೇಲಕ್ಕೆತ್ತಿದರೆ ಸಂತೆಯ ಅಂಗಡಿಯೇ ಆಯಿತು. ಪೋಲೀಸಿನವರೂ ಇದನ್ನು ಬಳಸಿದರು. ಕೈದಿಗಳನ್ನೊಯ್ಯುವ ಬಂಡಿಗೆ ಫ್ರೆಂಚರು ವಿನೋದವಾಗಿ ‘ಸೊಪ್ಪಿನ ಬುಟ್ಟಿ’ ಎನ್ನುವರು. ಮುಖವು ಮಾತ್ರ ಹೆಚ್ಚು ಬದಲಾಗಲಿಲ್ಲ. ಎರಡು ತುಂಡಾಗಿದ್ದ ಮುಂಗನ್ನಡಿ 1964ರಲ್ಲಿ ಒಂದಾದುದೇ ಒಂದು ದೊಡ್ಡ ಸುದ್ದಿ.

1981ರಲ್ಲಿ ಇದರ ತಯಾರಿಕೆಯು ನಿಂತಿತು. ಆ ವೇಳೆಗೆ 4,70,000ಕ್ಕೂ ಮಿಕ್ಕ ಬಂಡಿಗಳು ಹೊರಬಂದಿದ್ದುವು. 2017ರಲ್ಲಿ, ಎಪ್ಪತ್ತು ವರ್ಷಗಳ ನೆನಪಿಗೆಂದು, ಹೊಸ ಕಾಲದ ವ್ಯಾನಿಗೆ ತೊಡಿಸಲು ಏಣುಗಳುಳ್ಳ ಹೊದಿಕೆಯನ್ನು ಇಟಲಿಯವರೊಬ್ಬರು ಸಿದ್ಧಪಡಿಸಿದರು. ನೋಡಲು ಚೆನ್ನಾಗಿಯೇ ಇದೆ. ಆದರೆ ಅಲ್ಲಿಯ ಏಣು ಭಾರವನ್ನು ಹೊರುವುದಿಲ್ಲ. ಒಂದು ಕಾಲದ ಬಡತನವು ಇನ್ನೊಂದು ಕಾಲಕ್ಕೆ ಒಡವೆಯಾಗುವುದು ಲೋಕದ ರೀತಿ. ಅದನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಒಡವೆಯನ್ನು ಮೆಚ್ಚುವಾಗ, ಅದು ಮೊದಲು ಯಾರ ಹೊರೆಯನ್ನು ಹಗುರಮಾಡಲು ಹುಟ್ಟಿತೆಂಬುದನ್ನು ನೆನೆಯುವುದು ನಮಗೆ ಒಪ್ಪುವ ಕೆಲಸ.