ಕಾಯಕದ ಮಿತಿಯೂ ಮನಸ್ಸಿನ ನೆಮ್ಮದಿಯೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಶುಭಸಂದರ್ಭದಲ್ಲಿ ಪಾಠಶಾಲೆಯ ಪಂಡಿತನಾದವನು ಷಟ್‌ಸ್ಥಲವನ್ನು ಕುರಿತೋ ಅಷ್ಟಾವರಣವನ್ನು ಕುರಿತೋ ಮಾತನಾಡುವುದು ವಾಡಿಕೆ. ನನಗಾದರೋ, ಉದ್ಯೋಗದಲ್ಲಿಯೂ ಸಂಸಾರದಲ್ಲಿಯೂ ಒದಗುವ ಮನಸ್ಸಿನ ಒತ್ತಡವನ್ನು ನಿಭಾಯಿಸುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಾನದವರು ಅಪ್ಪಣೆ ಕೊಡಿಸಿದ್ದಾರೆ. ಅಪ್ಪಣೆಯ ಕಾರಣವು ತಮಗೆಲ್ಲರಿಗೂ ತಿಳಿದದ್ದೇ ಆಗಿದೆ. ಮಠದ ದರ್ಶನಕ್ಕೆ ಬರುವ ತಂದೆತಾಯಿಗಳು ಹಿಂದೆ ಮಳೆಬೆಳೆ, ಮಗಳ ಮದುವೆ, ಮಗನ ವಿದ್ಯೆ ಇವುಗಳನ್ನು ಬಿನ್ನವಿಸಿಕೊಳ್ಳುತ್ತಿದ್ದರು. ಈಗ, ಮಗನಿಗೆ ಪಟ್ಟಣದಲ್ಲಿ ಒಳ್ಳೆಯ ಸಂಬಳದ ಕೆಲಸವಿದೆ, ಆದರೆ ರಾತ್ರಿ ನಿದ್ರೆಯಿಲ್ಲ, ಮನೆಯವರೊಡನೆ ಮಾತಿಲ್ಲ, ಅನ್ನ ಸೇರುವುದಿಲ್ಲವೆಂದು ಕಣ್ಣೀರಿಡುವವರೂ ಬರುತ್ತಿದ್ದಾರೆ. ಬೇಡಿದ್ದು ಕೈಗೂಡಿದ ಮೇಲೆಯೂ ನೆಮ್ಮದಿಯು ದೊರೆಯಲಿಲ್ಲವಾದರೆ, ಎಲ್ಲಿಯೋ ಒಂದು ಲೆಕ್ಕ ತಪ್ಪಿರಬೇಕು. ಆ ಲೆಕ್ಕವಾವುದೆಂಬುದೇ ಇಂದಿನ ವಿಚಾರ.

ನಮ್ಮ ಹಿರಿಯರು ಚಿಂತೆ, ಕ್ಲೇಶ, ಉದ್ವೇಗ ಎಂದು ಹೇಳುತ್ತಿದ್ದುದನ್ನು ಈಗಿನವರು ಒತ್ತಡವೆಂದು ಕರೆಯುತ್ತಾರೆ. ತೊಲೆಯ ಮೇಲೆ ಎಷ್ಟು ಭಾರ ಹೇರಿದರೆ ಅದು ಬಾಗೀತೆಂದು ಲೆಕ್ಕ ಹಾಕುವ ಯಂತ್ರಶಾಸ್ತ್ರಜ್ಞರ ಮಾತು ಇದು. ವೈದ್ಯರು ಅದನ್ನು ಮನುಷ್ಯನಿಗೂ ಅನ್ವಯಿಸಿದರು. ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿದ್ವಾಂಸರು 1936ರಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿ, ಬಾಧೆಯು ಯಾವ ಬಗೆಯದಾದರೂ ಶರೀರವು ಅದನ್ನು ಮೂರು ಅವಸ್ಥೆಗಳಲ್ಲಿ ಎದುರಿಸುವುದೆಂದು ವಿವರಿಸಿದರು. ಮೊದಲನೆಯದು ಎಚ್ಚರ, ಎರಡನೆಯದು ಸೆಣಸಾಟ, ಮೂರನೆಯದು ಬಳಲಿಕೆ.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹೊಲದ ಬದುವಿನಲ್ಲಿ ನಡೆಯುವವನ ಕಾಲ ಬಳಿ ಹಾವು ಹರಿಯಿತೆಂದುಕೊಳ್ಳೋಣ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಎಂಬ ಗ್ರಂಥಿಗಳು ಆ ಕ್ಷಣದಲ್ಲಿ ರಕ್ತಕ್ಕೆ ರಸವನ್ನು ಬಿಡುತ್ತವೆ. ಎದೆಯು ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಕಾಲಿಗೆ ಬಲ ಬರುತ್ತದೆ. ಅವನು ಹಾರಿ ಜೀವವುಳಿಸಿಕೊಳ್ಳುತ್ತಾನೆ. ಹಾವು ಹೋದ ಮೇಲೆ ಮರದ ನೆರಳಿನಲ್ಲಿ ಕುಳಿತು ನೀರು ಕುಡಿದರೆ ಶರೀರವು ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಇಷ್ಟರ ಮಟ್ಟಿಗೆ ಉದ್ವೇಗವು ಶಿವನಿತ್ತ ರಕ್ಷಣೆಯೇ ಸರಿ. ಆದರೆ ಹಾವು ಹೋಗದೆ ಮನೆಯೊಳಗೆಯೇ ಸುತ್ತಿಕೊಂಡಿದ್ದರೆ ಗತಿಯೇನು? ಮೇಲಧಿಕಾರಿಯ ಸಂದೇಶವು ಊಟದ ಎಲೆಯ ಮುಂದೆಯೂ ಬರುತ್ತದೆ, ಮಲಗಿದ ಮೇಲೆಯೂ ಬರುತ್ತದೆ. ಸಾಲದ ಕಂತು ತಿಂಗಳಿಗೊಮ್ಮೆ ಬಂದರೂ ಅದರ ಚಿಂತೆಯು ಮೂವತ್ತು ದಿವಸವೂ ಇರುತ್ತದೆ. ಎಚ್ಚರವು ಎಂದೂ ಇಳಿಯದಿದ್ದಾಗ ರಕ್ತದ ಒತ್ತಡ ಏರುತ್ತದೆ, ನಿದ್ರೆ ಕೆಡುತ್ತದೆ, ಜ್ಞಾಪಕವು ಮಂದವಾಗುತ್ತದೆ, ಪ್ರೀತಿಯ ಜನರ ಮೇಲೆಯೇ ಸಿಡುಕು ಹುಟ್ಟುತ್ತದೆ. ಆದಕಾರಣ ಒತ್ತಡದ ದೋಷವಿರುವುದು ಭಾರವನ್ನು ಹೊರುವುದರಲ್ಲಿ ಅಲ್ಲ, ಹೊತ್ತುದನ್ನು ಎಂದೂ ಇಳಿಸದಿರುವುದರಲ್ಲಿ ಎಂದು ಗ್ರಹಿಸತಕ್ಕದ್ದು.

ಇಲ್ಲಿ ಒಂದು ಆಕ್ಷೇಪ ಬರಬಹುದು. "ಕಾಯಕವನ್ನೇ ಧರ್ಮವೆಂದು ಸಾರಿದ ಮಾರ್ಗ ನಮ್ಮದು, ಹಗಲಿರುಳು ದುಡಿಯುವುದೇ ನಮ್ಮ ಪೂಜೆ, ಹೀಗಿರುವಲ್ಲಿ ಕೆಲಸಕ್ಕೆ ಮಿತಿಯನ್ನು ಹೇಳುವುದು ಸೋಮಾರಿತನವನ್ನು ಬೋಧಿಸಿದಂತಲ್ಲವೇ?" ಎಂದು. ಈ ಮಾತನ್ನು ಇತರರಿಂದ ಕೆಲಸ ಮಾಡಿಸತಕ್ಕವರ ಬಾಯಿಂದಲೇ ನಾನು ಹೆಚ್ಚಾಗಿ ಕೇಳಿದ್ದೇನೆ. ವಾರಕ್ಕೆ 70 ಗಂಟೆಗಳ ಕಾಲ ತರುಣರು ದುಡಿಯಬೇಕೆಂಬ ವಿಷಯವಾಗಿ 2023ರಲ್ಲಿ ನಮ್ಮ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತಷ್ಟೆ. ಶರಣರ ಕಾಯಕತತ್ತ್ವವನ್ನು ಇಂಥ ವಾದಕ್ಕೆ ಊರೆಗೋಲಾಗಿ ಹಿಡಿಯುವುದು ಉಚಿತವೇ ಎಂಬುದನ್ನು ಶರಣರ ಚರಿತ್ರೆಯಿಂದಲೇ ನಿರ್ಣಯಿಸೋಣ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ತಾವೆಲ್ಲರೂ ಪುರಾಣಪ್ರವಚನಗಳಲ್ಲಿ ಕೇಳಿದ್ದೀರಿ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಳಕ್ಕೆ ತೆಗೆದುಕೊಳ್ಳಲಿಲ್ಲ. ಇಂದಿಗೆ ಬೇಕಾದುದನ್ನು ಉಳಿಸಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಅದೇ ಲಕ್ಕಮ್ಮನವರು ಮತ್ತೊಂದು ಸಂದರ್ಭದಲ್ಲಿ, ಪತಿಯು ಅನುಭಾವದ ಮಾತುಗಳಲ್ಲಿ ಮೈಮರೆತು ಕುಳಿತಾಗ, ಕಾಯಕವು ನಿಂತಿತೆಂದು ಎಚ್ಚರಿಸಿ ಎಬ್ಬಿಸಿದರೆಂಬುದೂ ಪ್ರಸಿದ್ಧವಾಗಿದೆ.

ಈ ಎರಡು ಪ್ರಸಂಗಗಳನ್ನು ಜೊತೆಯಾಗಿ ಇಟ್ಟು ನೋಡಬೇಕು. ಕೆಲಸವು ಕಡಿಮೆಯಾದಾಗ ಎಚ್ಚರಿಸಿದ ತಾಯಿಯೇ ಅದು ಅಳತೆಯನ್ನು ಮೀರಿದಾಗಲೂ ತಡೆದರು. ದುಡಿಮೆಗೆ ಕೆಳಗೊಂದು ಗೆರೆ, ಮೇಲೊಂದು ಗೆರೆ. ಇವೆರಡರ ನಡುವೆ ಇರುವುದೇ ಕಾಯಕ. ಕೆಳಗಿನ ಗೆರೆಯನ್ನು ಮಾತ್ರ ಬೋಧಿಸಿ ಮೇಲಿನ ಗೆರೆಯನ್ನು ಅಳಿಸಿಹಾಕಿದವರು ಅರ್ಧ ಕಥೆಯನ್ನು ಹೇಳಿದವರಾಗುತ್ತಾರೆ. ಮನಸ್ಸನ್ನು ಕುಗ್ಗಿಸುವುದು ಇಂದಿನ ಅಕ್ಕಿಯ ಭಾರಕ್ಕಿಂತ ಹೆಚ್ಚಾಗಿ ನಾಳೆಯ, ನಾಡಿದ್ದಿನ ಅಕ್ಕಿಯನ್ನು ಇಂದೇ ಹೊತ್ತು ತರುವ ಆತುರವೆಂಬುದನ್ನು ಆ ತಾಯಿಯು ಆಗಲೇ ಕಂಡುಕೊಂಡಿದ್ದರು.

ಮಿತಿಯ ಈ ಅರಿವು ಕಥೆಗಳಲ್ಲಿ ಮಾತ್ರ ಉಳಿದದ್ದಲ್ಲ, ನಮ್ಮ ಜನರ ಆಚಾರದಲ್ಲಿಯೂ ನೆಲೆಸಿದೆ. ನಮ್ಮ ಸೀಮೆಯ ಅನೇಕ ಗ್ರಾಮಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗವಿಡುವುದಿಲ್ಲ. ಬಿತ್ತನೆಯ ಹದ ತಪ್ಪೀತೆಂಬ ಆತಂಕವಿದ್ದರೂ ಬಸವಣ್ಣನಿಗೆ ಆ ದಿನ ಬಿಡುವು. ಸಂಸ್ಕೃತ ಪಾಠಶಾಲೆಗಳ ಕ್ರಮವೂ ಹಾಗೆಯೇ ಇತ್ತು. ಪಾಡ್ಯ, ಅಷ್ಟಮಿ ಮೊದಲಾದ ತಿಥಿಗಳಲ್ಲಿ ಅನಧ್ಯಾಯವೆಂದು ಹೊಸ ಪಾಠವನ್ನು ಹೇಳುತ್ತಿರಲಿಲ್ಲ. ಶಾಸ್ತ್ರಾಧ್ಯಯನದಂತಹ ಪುಣ್ಯಕಾರ್ಯಕ್ಕೂ ನಿಲುಗಡೆಯನ್ನು ವಿಧಿಸಿದರೆಂದ ಮೇಲೆ, ಲೆಕ್ಕಪತ್ರದ ಕೆಲಸಕ್ಕೆ ನಿಲುಗಡೆ ಬೇಡವೆನ್ನುವುದು ಹೇಗೆ? ಎತ್ತಿಗೆ ಸೋಮವಾರವನ್ನು ಕೊಟ್ಟ ನಾವು, ನಗರದಲ್ಲಿ ದುಡಿಯುವ ಮಗನಿಗೆ ಯಾವ ವಾರವನ್ನು ಕೊಟ್ಟಿದ್ದೇವೆ? ಹೊರಗೆ ಉದ್ಯೋಗವನ್ನೂ ಒಳಗೆ ಒಲೆಯನ್ನೂ ಒಬ್ಬಳೇ ನೋಡಿಕೊಳ್ಳುವ ಸೊಸೆಗೆ ಯಾವ ವಾರವನ್ನು ಕೊಟ್ಟಿದ್ದೇವೆ? ಈ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ತನಗೆ ತಾನೇ ಹಾಕಿಕೊಳ್ಳತಕ್ಕದ್ದಾಗಿದೆ.

ಲೋಕದ ರಾಜನೀತಿಯೂ ಬಹಳ ಕಷ್ಟವನ್ನು ಅನುಭವಿಸಿದ ಮೇಲೆ ಇದೇ ನಿರ್ಣಯಕ್ಕೆ ಬಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1919ರಲ್ಲಿ ಅಂಗೀಕರಿಸಿದ ಮೊತ್ತಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಕೆಲಸವೆಂಬ ಮಿತಿಯನ್ನು ಕುರಿತದ್ದು. ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನೇ ವಿಧಿಸಿತು. ಮಿತಿಯನ್ನು ಮೀರಿದರೆ ಏನಾಗುವುದೆಂಬುದಕ್ಕೂ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದುದರ ಫಲವಾಗಿ, 2016ರ ಒಂದೇ ವರ್ಷದಲ್ಲಿ ಲೋಕದಾದ್ಯಂತ 7,45,000 ಮಂದಿ ಮಿದುಳಿನ ಆಘಾತದಿಂದಲೂ ಹೃದ್ರೋಗದಿಂದಲೂ ತೀರಿಕೊಂಡರು. ಅದೇ ಸಂಸ್ಥೆಯು 2019ರಲ್ಲಿ, ಉದ್ಯೋಗದ ತಡೆಯಿಲ್ಲದ ಒತ್ತಡದಿಂದ ಮನುಷ್ಯನು ಒಳಗೆ ಬರಿದಾಗುವ ಸ್ಥಿತಿಯನ್ನು ತನ್ನ ರೋಗವರ್ಗೀಕರಣದ ಗ್ರಂಥದಲ್ಲಿ ವೃತ್ತಿಸಂಬಂಧವಾದ ತೊಂದರೆಯೆಂದು ವಿವರಿಸಿ ಸೇರಿಸಿತು.

ಇನ್ನು ಪರಿಹಾರದ ಮಾತು. ಈ ವಿಷಯದಲ್ಲಿ ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ನಮಗೆ ದಾರಿದೀಪವಾಗಿದೆ. ಅಲ್ಲಿ ಆಚಾರ್ಯರು ವೇಗಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ದಣಿದವನ ಏದುಸಿರು ಮೊದಲಾದ ಹದಿಮೂರು ಶರೀರದ ವೇಗಗಳನ್ನು ತಡೆಯಲಾಗದು. ತಡೆದರೆ ರೋಗ ಬರುವುದು. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕು, ಬಿಟ್ಟರೆ ಕೇಡು. ನಾವೀಗ ಮಾಡುತ್ತಿರುವುದಾದರೂ ಏನು? ಕೆಲಸದ ಅವಸರದಲ್ಲಿ ಹಸಿವನ್ನು ತಡೆಯುತ್ತೇವೆ, ನಿದ್ರೆಯನ್ನು ತಡೆಯುತ್ತೇವೆ. ಗಂಡಸಾದವನು ಅಳಬಾರದೆಂದು ಕಣ್ಣೀರನ್ನೂ ತಡೆಯುತ್ತೇವೆ. ಆದರೆ ನೆರೆಯವನು ಕಾರು ಕೊಂಡನೆಂಬ ಈರ್ಷ್ಯೆಯನ್ನೂ, ಮಕ್ಕಳ ಮೇಲಿನ ಕ್ರೋಧವನ್ನೂ ಹಗ್ಗ ಬಿಚ್ಚಿದ ಹೋರಿಯಂತೆ ಬಿಟ್ಟುಬಿಡುತ್ತೇವೆ. ಆಚಾರ್ಯರ ವಿಧಿಯನ್ನು ತಲೆಕೆಳಗಾಗಿಸಿ, ನೆಮ್ಮದಿಯಿಲ್ಲವೆಂದು ಕೊರಗುತ್ತೇವೆ.

ಆದುದರಿಂದ ಮೊದಲು ನಿದ್ರಾಹಾರಗಳನ್ನು ಕಾಲಕ್ಕೆ ಸರಿಯಾಗಿ ಇಟ್ಟುಕೊಳ್ಳುವುದು. ದೊಡ್ಡವರಾದವರಿಗೆ ರಾತ್ರಿ ಏಳು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಎರಡನೆಯದು, ದಿನಕ್ಕೆ ಎರಡು ಬಾರಿಯಾದರೂ ಭಾರವನ್ನು ಇಳಿಸುವ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು. ದೀಕ್ಷೆ ಪಡೆದವರಿಗೆ ಇದು ಹೊಸದಲ್ಲ. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು, ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸಿ, ಉಸಿರನ್ನು ಮೆಲ್ಲನೆ ಬಿಡುತ್ತ ಕುಳಿತವನ ಮನಸ್ಸು ಕ್ರಮೇಣ ಒಂದೆಡೆಗೆ ಬರುವುದು ಅನುಭವವೇದ್ಯವಾದ ಸಂಗತಿ. ಆದರೆ ಮೊಬೈಲನ್ನು ಮಗ್ಗುಲಲ್ಲಿಟ್ಟುಕೊಂಡು, ಕಣ್ಣು ಲಿಂಗದ ಮೇಲೂ ಕಿವಿ ಅದರ ಸದ್ದಿನ ಮೇಲೂ ಇದ್ದರೆ ಅದು ಪೂಜೆಯೂ ಆಗದು, ವಿಶ್ರಾಂತಿಯೂ ಆಗದು. ಆ ಯಂತ್ರವನ್ನು ಆ ಅರ್ಧ ಗಂಟೆ ಬೇರೊಂದು ಕೋಣೆಯಲ್ಲಿಡತಕ್ಕದ್ದು. ಮೂರನೆಯದು, ಸಂಸಾರದ ವೆಚ್ಚಕ್ಕೆ ಎಲ್ಲೆಯನ್ನು ಹಾಕುವುದು. ನಮ್ಮಲ್ಲಿ ಎಷ್ಟೋ ಮಂದಿಯ ನಿದ್ರೆಗೇಡಿಗೆ ಮೂಲವು ಕಚೇರಿಯಲ್ಲಿಲ್ಲ, ಮದುವೆಯ ಚಪ್ಪರದಲ್ಲಿದೆ. ಒಂದು ದಿನದ ಮೆರವಣಿಗೆಗೆ ಹತ್ತು ವರ್ಷದ ಸಾಲವನ್ನು ಹೊರುವವರು, ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳನ್ನು ಬಡವರ ಪಾಲಿನದೆಂದು ತಾತ್ಸಾರ ಮಾಡದಿರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವು ಎಲ್ಲರಿಗೂ ಇರುವುದಿಲ್ಲ. ಮಳೆ ಕೈಕೊಟ್ಟ ರೈತನಿಗೂ, ಕೂಲಿಯನ್ನೇ ನಂಬಿದವನಿಗೂ, ಕೆಲಸ ಹೋದೀತೆಂದು ಅಂಜಿದ ನೌಕರನಿಗೂ "ಶಾಂತವಾಗಿರು" ಎಂದು ಹೇಳಿದ ಮಾತ್ರಕ್ಕೆ ಶಾಂತಿ ಬರುವುದಿಲ್ಲ. ಇಲ್ಲಿಯೇ ದಾಸೋಹದ ಅರ್ಥವು ನಮಗೆ ತಿಳಿಯಬೇಕು. ಅನ್ನವನ್ನು ಹಂಚುವುದು ಹೇಗೆ ದಾಸೋಹವೋ ಹಾಗೆ ಭಾರವನ್ನು ಹಂಚಿಕೊಳ್ಳುವುದೂ ದಾಸೋಹವೇ. ಅಂಗಡಿಯ ಯಜಮಾನನು ಆಳುಗಳನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸುವುದು ದಾಸೋಹ. ಅತ್ತೆಯು ಸೊಸೆಯ ಕೈಯಿಂದ ಸೌಟನ್ನು ತೆಗೆದುಕೊಳ್ಳುವುದು ದಾಸೋಹ. ಗಂಡನೇ ತೆಗೆದುಕೊಂಡರೆ ಇನ್ನೂ ಲೇಸು. ಸಾಲಗಾರನಾದ ನೆರೆಯವನ ಬಾಗಿಲಿಗೆ ಹೋಗಿ, ಬುದ್ಧಿ ಹೇಳದೆ, ಅವನ ಮಾತನ್ನು ಕೊನೆಯವರೆಗೆ ಕೇಳುವುದೂ ದಾಸೋಹವೇ ಆಗಿದೆ.

ಕಡೆಯದಾಗಿ ಒಂದು ಮಾತನ್ನು ಮಠದ ಆವರಣದಲ್ಲಿ ನಿಂತು ಹೇಳುವುದು ಅವಶ್ಯವೆಂದು ತಿಳಿಯುತ್ತೇನೆ. ಮನಸ್ಸು ಕುಗ್ಗಿದವರನ್ನು ಕರೆತಂದು, ಗ್ರಹದೋಷವೆಂದೂ ಗಾಳಿಸೋಂಕೆಂದೂ ಹೇಳಿ ತಾಯಿತವನ್ನು ಕೇಳುವವರಿದ್ದಾರೆ. ವಿಭೂತಿಯನ್ನು ಧರಿಸಿ, ಆಶೀರ್ವಾದವನ್ನು ಪಡೆಯಿರಿ. ಅದರ ಜೊತೆಗೆ ವೈದ್ಯರ ಬಳಿಗೂ ಹೋಗಿರಿ. ಜ್ವರಕ್ಕೆ ಔಷಧವನ್ನು ತೆಗೆದುಕೊಳ್ಳುವುದು ಭಕ್ತಿಗೆ ಹೇಗೆ ಕುಂದಲ್ಲವೋ, ಮನಸ್ಸಿನ ಬೇನೆಗೆ ಔಷಧವನ್ನು ತೆಗೆದುಕೊಳ್ಳುವುದೂ ಹಾಗೆ ಕುಂದಲ್ಲ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ ತಿಂಗಳಿನಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ವ್ಯವಸ್ಥೆಯಿದೆ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾರು ಬೇಕಾದರೂ ಕರೆಮಾಡಿ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅದನ್ನು ಗದರಿಸಿ ಅಡಗಿಸಬೇಡಿರಿ, ಹಾಸ್ಯವೆಂದು ಬಿಡಬೇಡಿರಿ. ಆ ಗಳಿಗೆಯಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಸಹಾಯವನ್ನು ಬರಮಾಡಿಕೊಳ್ಳಿರಿ. ಒಂದು ಜೀವವನ್ನು ಉಳಿಸಿಕೊಳ್ಳುವುದಕ್ಕಿಂತ ಮಿಗಿಲಾದ ಮಹೋತ್ಸವವು ಯಾವ ಮಠಕ್ಕೂ ಇರಲಾರದು.

ಬಂಧುಗಳೇ, ಕಾಯಕವನ್ನು ಬಿಡೋಣವೆಂದು ನಾನು ಹೇಳಲಿಲ್ಲ. ಅದನ್ನು ಅದರ ಅಳತೆಯೊಳಗೆ ಉಳಿಸಿಕೊಳ್ಳೋಣವೆಂದೆನು. ಇಂದಿನ ಅಕ್ಕಿಯನ್ನು ಇಂದು ಆಯೋಣ, ಹೆಚ್ಚಾದುದನ್ನು ಹಿಂದಿರುಗಿಸೋಣ, ಹೊರಲಾರದವನ ಗಂಟಿಗೆ ಕೈಕೊಡೋಣ.