ಅಯೋಡಿನ್ ಮತ್ತು ನಮ್ಮ ಉಪ್ಪಿನ ಭರಣಿ



ವಿಜಯಪುರದ ಜೋರಾಪುರ ಪೇಟೆಯ ಯಾವುದಾದರೊಂದು ಅಡಿಗೆಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುತ್ತಿದೆ. ಒಲೆಯ ಬಳಿ ಉಪ್ಪಿನ ಭರಣಿ ಬಾಯಿ ತೆರೆದುಕೊಂಡಿದೆ. ಗೂಡಿನಲ್ಲಿ ಗಾಯಕ್ಕೆ ಹಚ್ಚುವ ಕಂದುಬಣ್ಣದ ಔಷಧದ ಸೀಸೆಯಿದೆ. ಈ ಮೂರಕ್ಕೂ ನಂಟನ್ನು ಕಲ್ಪಿಸುವ ಮೂಲವಸ್ತುವೇ ಅಯೋಡಿನ್.

ಇದು ಬೆಳಕಿಗೆ ಬಂದುದು ಆಕಸ್ಮಿಕವಾಗಿ. 1811ರಲ್ಲಿ ಫ್ರಾನ್ಸಿನ ಬೆರ್ನಾರ್ ಕೂರ್ತ್ವಾ ಎಂಬಾತನು ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುತ್ತಿದ್ದನು. ಕಡಲಪಾಚಿಯ ಬೂದಿಯಿಂದ ಬಂದ ದ್ರವಕ್ಕೆ ಗಂಧಕಾಮ್ಲವನ್ನು ಹೆಚ್ಚಾಗಿ ಬೆರೆಸಲು, ನೇರಿಳೆಬಣ್ಣದ ಆವಿಯೆದ್ದು, ತಣ್ಣಗಿನ ಪಾತ್ರೆಯ ಮೇಲೆ ಕಪ್ಪು ಹರಳುಗಳಾಗಿ ಕುಳಿತಿತು. ಹೆಸರಿನ ಮೂಲವಾದ ಗ್ರೀಕ್ ಪದಕ್ಕೂ ಇದೇ ಬಣ್ಣದ ಅರ್ಥವುಂಟು.

ಅಯೋಡಿನ್ನಿನ ಪರಮಾಣು ಸಂಖ್ಯೆ 53. ಕ್ಲೋರಿನ್ ಬ್ರೋಮಿನ್‌ಗಳ ವಂಶದ್ದು. ಸುಮಾರು 114 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದಾದರೂ ಅದಕ್ಕಿಂತ ಮೊದಲೇ ಆವಿಯಾಗತೊಡಗುತ್ತದೆ. ನೀರಿನಲ್ಲಿ ಅತ್ಯಲ್ಪವಾಗಿಯೂ, ಮದ್ಯಸಾರದಲ್ಲಿ ಚೆನ್ನಾಗಿಯೂ ಕರಗುತ್ತದೆ. ಈ ಮದ್ಯಸಾರದ ದ್ರಾವಣವೇ ಹಿಂದಿನವರು ಬಲ್ಲ ಟಿಂಕ್ಚರ್. ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಆದರೆ ಉರಿ ಬಹಳ. ಈಗ ಅದರ ಸ್ಥಾನದಲ್ಲಿ ಉರಿ ಕಡಿಮೆಯಾದ ಪೊವಿಡೋನ್ ಅಯೋಡಿನ್ ಬಂದಿದೆ. ರೊಟ್ಟಿಯ ಚೂರಿನ ಮೇಲೆ ಟಿಂಕ್ಚರಿನ ಒಂದು ಹನಿ ಬಿಟ್ಟರೆ ಅಲ್ಲಿ ಕಡುನೀಲಿ ಕಲೆಯಾಗುತ್ತದೆ. ಜೋಳದಲ್ಲಿ ಪಿಷ್ಟವಿದೆ ಎಂಬುದಕ್ಕೆ ಅದೇ ಸಾಕ್ಷಿ; ಆದರೆ ಆ ಚೂರನ್ನು ತಿನ್ನಲಾಗದು.

ಇನ್ನು ಉಪ್ಪಿನ ವಿಚಾರ. ಕಂಠದಲ್ಲಿರುವ ಥೈರಾಯಿಡ್ ಗ್ರಂಥಿಯು ತನ್ನ ರಸವನ್ನು ತಯಾರಿಸಲು ಅಯೋಡಿನ್ನನ್ನೇ ಬೇಡುತ್ತದೆ. ಪ್ರಾಯದವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಅರುವತ್ತು ವರ್ಷದ ಮೊತ್ತವು ಮೂರೂಕಾಲು ಗ್ರಾಮನ್ನು ಸ್ವಲ್ಪವೇ ಮೀರುತ್ತದೆ. ಇಷ್ಟೂ ದೊರೆಯದಿದ್ದರೆ ಗ್ರಂಥಿಯು ಊದಿ ಗಳಗಂಡವಾಗುತ್ತದೆ. ಅದಕ್ಕಿಂತಲೂ ದಾರುಣವಾದುದು ಕಣ್ಣಿಗೆ ಕಾಣದು: ಗರ್ಭಿಣಿಗೆ ತೀವ್ರ ಕೊರತೆಯಾದರೆ ಶಿಶುವಿನ ಮಿದುಳು ಸರಿಯಾಗಿ ಬೆಳೆಯದು. ಆ ನಷ್ಟವನ್ನು ಮುಂದೆ ಯಾವ ಔಷಧವೂ ತುಂಬಿಕೊಡದು.

ಕಡಲುಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಯ ಉಪ್ಪಾಗಲಿ, ಬೇರೆಡೆಯದಾಗಲಿ, ಬೆರೆಸದ ಹೊರತು ಅದರಲ್ಲಿ ಸಾಲುವಷ್ಟು ಅಯೋಡಿನ್ ಇರದು. ಬೆರೆಸಿದರೆ ಫಲವುಂಟೆಂಬುದನ್ನು ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಆರಂಭಿಸಿದ ಕಾಂಗ್ರಾ ಕಣಿವೆಯ ಪ್ರಯೋಗದಿಂದ ತೋರಿಸಿದರು. ಅಯೋಡಿನ್ ಉಪ್ಪನ್ನು ಉಂಡ ಕಡೆ ಗಳಗಂಡವು ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆ ಹುಟ್ಟಿತು.

ನಮ್ಮ ದೇಶದಲ್ಲಿ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟನ್ನು. ಬಿಸಿಲು ತೇವಗಳನ್ನು ಅದು ಹೆಚ್ಚಾಗಿ ತಾಳುತ್ತದೆ. ಆದುದರಿಂದ ಉಪ್ಪನ್ನು ಬರಿಯ ಗಂಜಿಗೆ ಹಾಕಿ, ನೀಲಿಬಣ್ಣ ಬರಲಿಲ್ಲವೆಂದು ಅಂಗಡಿಯವನನ್ನು ದೂಷಿಸಬೇಡಿ. ಅಯೋಡೇಟು ಪಿಷ್ಟದೊಡನೆ ನೇರವಾಗಿ ಬಣ್ಣಗೊಡುವುದಿಲ್ಲ. ಕೊಳ್ಳುವವನ ಕೈಸೇರುವಾಗ ಹತ್ತು ಲಕ್ಷ ಭಾಗ ಉಪ್ಪಿನಲ್ಲಿ ಹದಿನೈದು ಭಾಗವಾದರೂ ಅಯೋಡಿನ್ ಇರಬೇಕೆಂಬುದು ನಿಯಮ. ಹಾಗೆಂದು ಹೆಚ್ಚು ಉಪ್ಪನ್ನು ತಿನ್ನಬಾರದು; ದಿನಕ್ಕೆ ಐದು ಗ್ರಾಮಿನೊಳಗಿರುವುದೇ ರಕ್ತದೊತ್ತಡಕ್ಕೆ ಹಿತ.

ಮರಳಿ ಜೋರಾಪುರ ಪೇಟೆಯ ಆ ಅಡಿಗೆಮನೆಗೆ ಬರೋಣ. ಕಡಲಿನಿಂದ ಬಹುದೂರದ ಆ ಮನೆಯ ಉಪ್ಪು, ಬಹಳ ದಿನ ಬಾಯ್ದೆರೆದು ಒಲೆಯ ಶಾಖದಲ್ಲಿಯೂ ತೇವದಲ್ಲಿಯೂ ಇದ್ದರೆ ತನ್ನ ಅಯೋಡಿನ್ನನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಆದುದರಿಂದ ಅಯೋಡಿನ್ ಬೆರೆಸಿದ ಉಪ್ಪನ್ನೇ ಕೊಳ್ಳಿರಿ. ಭರಣಿಗೆ ಮುಚ್ಚಳವಿಟ್ಟು ಒಲೆಯಿಂದ ದೂರವಿಡಿರಿ. ಸಾರು ಪಲ್ಯಗಳಿಗೆ ಆದಷ್ಟು ಕೊನೆಯಲ್ಲಿ ಉಪ್ಪು ಹಾಕಿರಿ. ಹುಟ್ಟಲಿರುವ ಮಗುವಿನ ಬುದ್ಧಿಯನ್ನು ಕಾಯುವುದಕ್ಕೆ ಇದಕ್ಕಿಂತ ಅಗ್ಗವಾದ ಉಪಾಯವು ದುರ್ಲಭ.